ಸಹಾಯ ಬೇಕು: ಮನಿಲಾದಲ್ಲಿರುವ ಕನ್ನಡಿಗರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಮ್ಮೂರ ಗ್ರಂಥಾಲಯದ ಮಕ್ಕಳಿಗಾಗಿ ಫಿಲಿಪ್ಪೀನ್ಸ್‌ನ ಆದಿಕಾಲದ ಜನರ ಬಗ್ಗೆ ಗೋಡೆಪತ್ರಿಕೆ ಮಾಡುತ್ತಿದ್ದೇನೆ. ಅದರಲ್ಲಿ ಮುಖ್ಯವಾದದ್ದು ಮನುಂಗುಲ್ ಮಡಕೆ. ಪಲಾವಾನ್ ದ್ವೀಪದ ಗುಹೆಯೊಂದರಲ್ಲಿ 1964ರಲ್ಲಿ ಸಿಕ್ಕಿದ್ದು. ವಯಸ್ಸು ಸುಮಾರು 2,700 ವರ್ಷಕ್ಕೂ ಜಾಸ್ತಿ. ಸತ್ತವರ ಮೂಳೆಗಳನ್ನು ಆಮೇಲೆ ಆರಿಸಿ ತಂದು ಇದರಲ್ಲಿ ಇಡುತ್ತಿದ್ದರು.

ಇದರ ಮುಚ್ಚಳ ನೋಡಬೇಕು! ಮೇಲೊಂದು ಪುಟ್ಟ ದೋಣಿ, ಅದರಲ್ಲಿ ಇಬ್ಬರು. ಹಿಂದೆ ಕೂತವನು ಹುಟ್ಟು ಹಾಕುತ್ತಿದ್ದಾನೆ. ಮುಂದೆ ಇರುವವನು ಎದೆಯ ಮೇಲೆ ಕೈ ಕಟ್ಟಿಕೊಂಡು ಸುಮ್ನೆ ಕೂತಿದ್ದಾನೆ. ಅವನೇ ಸತ್ತವನು, ಪರಲೋಕಕ್ಕೆ ಹೊರಟಿದ್ದಾನೆ ಎನ್ನುತ್ತಾರೆ. ಹುಟ್ಟಿನ ಅಲಗು ಮುರಿದುಹೋಗಿದೆ. ಇಷ್ಟು ಚೆನ್ನಾಗಿ ಮಣ್ಣು ತಿದ್ದಿದ ಕೈ ಯಾರದ್ದೋ ಅಲ್ವಾ?

ಮಡಕೆ ಈಗ ಮನಿಲಾದ ರಾಷ್ಟ್ರೀಯ ಮಾನವಶಾಸ್ತ್ರ ಮ್ಯೂಸಿಯಂನಲ್ಲಿದೆ. ನನಗೆ ಬೇಕಿರುವುದು ಮುಚ್ಚಳದ ಹತ್ತಿರದ ಫೋಟೋ. ಮುಂದಿನಿಂದ ತೆಗೆದ ಫೋಟೋಗಳು ಬೇಕಾದಷ್ಟಿವೆ, ಪಕ್ಕದಿಂದ ಮತ್ತು ಹಿಂದಿನಿಂದ ತೆಗೆದದ್ದು ಇದ್ದರೆ ಕಳಿಸಿ. ಮಡಕೆಯ ಮೇಲ್ಭಾಗದ ಸುರುಳಿ ಗೆರೆಗಳು, ಕೆಮ್ಮಣ್ಣಿನ ಬಣ್ಣ ಕಾಣುವಂತಿದ್ದರೆ ಇನ್ನೂ ಒಳ್ಳೆಯದು. ಅಲ್ಲಿ ಮೆಡಿಕಲ್ ಓದುತ್ತಿರುವ ನಮ್ಮ ಹುಡುಗರು, ಹುಡುಗಿಯರು ಒಂದು ರಜೆಯಲ್ಲಿ ಹೋಗಿ ಬಂದರೂ ಸಾಕು.

ಇನ್ನೊಂದು ವಿಷಯ. ಹಳೆಯ 1000 ಪೆಸೊ ನೋಟಿನ ಹಿಂಬದಿಯಲ್ಲಿ ಈ ಮಡಕೆಯ ಚಿತ್ರವಿತ್ತು. ಯಾರ ಹತ್ತಿರವಾದರೂ ಆ ನೋಟಿದ್ದರೆ ಸ್ಕ್ಯಾನ್ ಮಾಡಿ ಕಳಿಸುತ್ತೀರಾ? ಫಿಲಿಪ್ಪೀನ್ಸ್‌ನದೇ ಲುಜೋನ್ ದ್ವೀಪದ ಕಲ್ಲಾವ್ ಗುಹೆಯಲ್ಲಿ ಸಿಕ್ಕ ಹಲ್ಲು, ಮೂಳೆಗಳಿಂದ 2019ರಲ್ಲಿ ಹೋಮೋ ಲುಜೋನೆನ್ಸಿಸ್ ಎಂದು ಹೆಸರಿಟ್ಟ ಮಾನವ ಜಾತಿಯ ಬಗ್ಗೆ ಮಕ್ಕಳಿಗೆ ಸರಳವಾಗಿ ಬರೆದುಕೊಡುವವರೂ ಬೇಕು. ಫೋಟೋ ಕೆಳಗೆ ನಿಮ್ಮ ಹೆಸರು ಖಂಡಿತ ಹಾಕುತ್ತೇನೆ. ಇಲ್ಲೇ ಕಾಮೆಂಟ್ ಮಾಡಿ.