ಪದ ಬೇಕು, ಇವತ್ತು ಸಂಜೆಯೊಳಗೆ: ಕ್ಲೌಡ್ ಕಂಪ್ಯೂಟಿಂಗ್‌ಗೆ ಕನ್ನಡದಲ್ಲಿ ಏನನ್ನೋಣ?

ಕೋಥ್ರೂಡ್, ಪುಣೆಯಿಂದ

ಪದಚರ್ಚೆ ಗುಂಪಿನ ಎಲ್ಲರಿಗೂ ನಮಸ್ಕಾರ. ಭಾನುವಾರ ನಮ್ಮ ಕನ್ನಡ ಸಂಘದಲ್ಲಿ ಕ್ಲೌಡ್ ಕಂಪ್ಯೂಟಿಂಗ್ ಬಗ್ಗೆ ಒಂದು ಸಣ್ಣ ಪರಿಚಯದ ಮಾತು ಇಟ್ಟುಕೊಂಡಿದ್ದೇವೆ. ಬರುವವರಲ್ಲಿ ಅರ್ಧ ಜನ ನಿವೃತ್ತರು, ಉಳಿದವರು ಹೋಟೆಲು, ಬೇಕರಿ ನಡೆಸುವವರು. ಫ್ಲೆಕ್ಸ್‌ನವನು ಸಂಜೆ 6ರೊಳಗೆ ಮ್ಯಾಟರ್ ಕೊಡಿ ಅಂದಿದ್ದಾನೆ. ದೊಡ್ಡ ಅಕ್ಷರದಲ್ಲಿ ಒಂದು ತಲೆಬರಹ, ಕೆಳಗೆ ಮೂರು ಬಗೆಯ ಸೇವೆಗಳ ಹೆಸರು, ಅಷ್ಟೇ. ಈ ಮೂರಕ್ಕೆ ಕಂಪ್ಯೂಟರ್ ಜನ ಇಯಾಸ್, ಪಾಸ್, ಸಾಸ್ (IaaS, PaaS, SaaS) ಅಂತಾರೆ. ಹಾಗೇ ಬರೆದರೆ ಪಾಸ್ ಅಂದರೆ ಲೋಕಲ್ ಟ್ರೇನಿನದ್ದು, ಸಾಸ್ ಅಂದರೆ ಟೊಮೆಟೊದ್ದು ಅಂದುಕೊಳ್ಳುತ್ತಾರೆ.

ನಾನು ಬರೆದುಕೊಂಡಿದ್ದು "ಮೋಡಗಣನೆ". ಸೇವೆಗಳಿಗೆ "ಸೇವೆಯಾಗಿ ಮೂಲಸೌಕರ್ಯ, ಸೇವೆಯಾಗಿ ವೇದಿಕೆ, ಸೇವೆಯಾಗಿ ತಂತ್ರಾಂಶ". ಓದಿದರೆ ನನಗೇ ಕನ್ನಡ ಅನ್ನಿಸುತ್ತಿಲ್ಲ. ಇದರ ಮೇಲೆ ಇನ್ನೊಂದು. ಫ್ಲೆಕ್ಸ್ ಹುಡುಗ ಮರಾಠಿಯವನು, ಮೋಡ ಅಂತ ಓದಿ ಹೇಳಿದರೆ "ಮಟಕಿಯದ್ದಾ?" ಅಂತ ಕೇಳಿದ. ಮರಾಠಿಯಲ್ಲಿ ಮೋಡ್ ಅಂದರೆ ಮೊಳಕೆ. ಊರಿಗೆ ಊರೇ ಮೊಳಕೆ ಕಾಳಿನ ಮಿಸಳ್ ತಿನ್ನುತ್ತದೆ, ಅವನದ್ದೇನು ತಪ್ಪು. ಬೇಗ ಹೇಳಿ ದಯವಿಟ್ಟು.

ಮಾಟುಂಗಾದಿಂದ

ಮೋಡಗಣನೆ ಆಗದು. ಕನ್ನಡಕ್ಕೆ ಸಂಸ್ಕೃತ ಬೆಸೆದ ಅರಿಸಮಾಸ. ಮೇಘಗಣನೆ ಅನ್ನಿ. ಭಾರತ ಸರ್ಕಾರವೇ ತನ್ನ ಕ್ಲೌಡಿಗೆ ಮೇಘರಾಜ್ ಎಂದು ಹೆಸರಿಟ್ಟಿದೆ. ಮರಾಠಿಯವರಿಗೂ ಅರ್ಥವಾಗುತ್ತದೆ. ಮುಗಿಯಿತು.

ಡೊಂಬಿವಲಿಯಿಂದ

ಮುಗಿಯಲಿಲ್ಲ ಸರ್. ಅರಿಸಮಾಸ ಅಂತ ಹೆದರಿಸುತ್ತೀರಲ್ಲ, ನೀವು ಮಳೆಗಾಲಕ್ಕೆ ಏನಂತೀರಿ? ಮಳೆ ನಮ್ಮದು, ಕಾಲ ಸಂಸ್ಕೃತ. ಜೂನ್ ಬಂದರೆ ನೀವೂ ಮಳೆಗಾಲ ಅಂತಲೇ ಬೈಯುತ್ತೀರಿ. ಅಲ್ಲದೆ ಬಿರುದಾವಳಿಯಲ್ಲಿ ಅರಿಸಮಾಸ ನಡೆಯುತ್ತದೆ ಅಂತ 13ನೇ ಶತಮಾನದಲ್ಲಿ ವ್ಯಾಕರಣ ಬರೆದ ಕೇಶಿರಾಜನೇ ಬಿಟ್ಟುಕೊಟ್ಟಿದ್ದಾನೆ. ಫ್ಲೆಕ್ಸ್ ಅಂದರೆ ಈಗಿನ ಬಿರುದಾವಳಿ ತಾನೇ?

ಆದರೆ ನನ್ನ ತಕರಾರು ಬೇರೆ. ಸಂಸ್ಕೃತವೇ ಯಾಕೆ ಬೇಕು? ಮುಗಿಲೆಣಿಕೆ ಅನ್ನಿ. ಧಾರವಾಡದ ಕಡೆ ಮುಗಿಲು ಅಂದರೆ ಆಕಾಶವೂ ಹೌದು, ಮೋಡವೂ ಹೌದು. ತಮಿಳಿನಲ್ಲಿ ಮುಗಿಲ್ ಇದೆ. ಎಣಿಕೆಯೂ ನಮ್ಮದೇ. ಮೂರಕ್ಕೆ ತಳಹದಿ ಊಳಿಗ, ಜಗಲಿ ಊಳಿಗ, ಮೆದುಸರಕು ಊಳಿಗ.

ಮಾಟುಂಗಾದಿಂದ

ಊಳಿಗ ಅಂದರೆ ಒಡೆಯರ ಮನೆಯಲ್ಲಿ ಆಳಾಗಿ ದುಡಿಯುವುದು. ಹೋಟೆಲಿನವರು ಭಾನುವಾರ ಬಂದು, ಯಾರ ಮನೆಗೆ ಆಳು ಬೇಕಿತ್ತು ಅಂತ ಕೇಳಿಯಾರು. ತಮಿಳು ತಮಿಳು ಅಂತೀರಲ್ಲ, ಅವರೂ ಇದಕ್ಕೆ ಮೇಕಕ್ ಕಣಿಮೈ ಅಂತಾರೆ. ಮೇಕ ಅಂದರೆ ಮೇಘವೇ. ಸಂಸ್ಕೃತ ಬೇಡ ಎಂದು ಅಷ್ಟು ಹಟ ಮಾಡುವವರೇ ಮೇಘವನ್ನು ಇಟ್ಟುಕೊಂಡಿದ್ದಾರೆ.

ಮಡಗಾಂವ್‌ನಿಂದ

ನೀವಿಬ್ಬರೂ ಹಿರಿಯರು, ಬೇಜಾರು ಮಾಡಿಕೊಳ್ಳಬೇಡಿ. ಆದರೆ ಇಲ್ಲಿ ಮೋಡವೂ ಇಲ್ಲ, ಎಣಿಕೆಯೂ ಇಲ್ಲ. ನಾನು ದಿನಾ ಇದೇ ಕೆಲಸ ಮಾಡುವವಳು. ಮೊದಲು ನೆಟ್‌ವರ್ಕ್ ನಕ್ಷೆ ಬರೆಯುವಾಗ ನಮ್ಮ ಕಂಪ್ಯೂಟರ್‌ಗಳನ್ನು ಚೌಕವಾಗಿ ಬರೆದು, ಹೊರಗಿನ ಫೋನ್ ಜಾಲವನ್ನೋ ಇಂಟರ್‌ನೆಟ್ಟನ್ನೋ ಒಂದು ಮೋಡದ ಹಾಗೆ ಗೀಚುತ್ತಿದ್ದರು. ಅದರೊಳಗೆ ಏನಿದೆ ಅಂತ ನೀವು ತಲೆ ಕೆಡಿಸಿಕೊಳ್ಳಬೇಕಿಲ್ಲ ಅಂತ ಅದರ ಅರ್ಥ. ಆ ಗೀಚೇ ಹೆಸರಾಗಿ ಉಳಿಯಿತು. ಗೀಚಿಗೆ ಸಂಧಿ ಸಮಾಸ ಹುಡುಕಿ ಏನು ಮಾಡೋಣ?

ಮೇಲೆಲ್ಲೋ ತೇಲುತ್ತಿದೆ ಅಂತ ಜನ ಅಂದುಕೊಳ್ಳುವುದೂ ಈ ಹೆಸರಿನಿಂದಲೇ. ಅದು ನೆಲದ ಮೇಲೇ ಇದೆ, ಕರೆಂಟ್ ಬಿಲ್ ಕಟ್ಟುವ ಕಟ್ಟಡಗಳಲ್ಲಿ. ಮೈಕ್ರೋಸಾಫ್ಟ್‌ನವರದ್ದು 2015ರಿಂದ ಪುಣೆಯಲ್ಲೇ ಇದೆ, ಅಮೆಜಾನಿನದ್ದು 2016ರಿಂದ ಮುಂಬೈಯಲ್ಲಿದೆ. 2011ರಲ್ಲಿ ಅಮೆರಿಕ ಸರ್ಕಾರದ ಮಾನದಂಡ ಸಂಸ್ಥೆ ನಿಸ್ಟ್ ಇದಕ್ಕೆ ಒಂದು ವಿವರಣೆ ಕೊಟ್ಟಿತು, ಈಗಲೂ ಎಲ್ಲರೂ ಅದನ್ನೇ ಹಿಡಿದುಕೊಂಡಿದ್ದಾರೆ. ಅದರಲ್ಲಿ 5 ಲಕ್ಷಣ ಹೇಳಿದ್ದಾರೆ. ಬೇಕಾದಾಗ ಯಾರನ್ನೂ ಕೇಳದೆ ನಾವೇ ತೆಗೆದುಕೊಳ್ಳಬಹುದು, ಎಲ್ಲಿಂದಾದರೂ ನೆಟ್ಟಿನಲ್ಲಿ ಸಿಗುತ್ತದೆ, ಇರುವ ಕಂಪ್ಯೂಟರ್‌ಗಳನ್ನು ಹಲವರು ಹಂಚಿಕೊಳ್ಳುತ್ತಾರೆ, ತಟ್ಟನೆ ಜಾಸ್ತಿ ಕಡಿಮೆ ಮಾಡಿಕೊಳ್ಳಬಹುದು, ಬಳಸಿದ್ದಕ್ಕೆ ಮೀಟರ್ ಓಡುತ್ತದೆ. ಇದಕ್ಕೆ ನಮ್ಮಲ್ಲಿ ಮಾತಿಲ್ಲವೇ? ಬಾಡಿಗೆ. "ಬಾಡಿಗೆ ಕಂಪ್ಯೂಟರ್" ಅಂತ ಬರೆಯಿರಿ.

ಮಾಟುಂಗಾದಿಂದ

ಬಾಡಿಗೆ ಸಂಸ್ಕೃತದ ಭಾಟಕದ ತದ್ಭವ. ಡೊಂಬಿವಲಿಯವರ ಗಮನಕ್ಕೆ.

ಡೊಂಬಿವಲಿಯಿಂದ

ನೋಡಿದೆ. ಬಾಯಿಗೆ ಹೊಂದಿಕೊಂಡ ಮೇಲೆ ಅದು ನಮ್ಮದೇ. ಮೇಘಗಣನೆ ಇನ್ನೂ ಯಾರ ಬಾಯಿಗೂ ಹೊಂದಿಲ್ಲ, ಅದು ಬೇರೆ ವಿಷಯ.

ಅಂಧೇರಿಯಿಂದ

ನಾನು ಇಲ್ಲಿ ಸುಮ್ನೆ ಓದುವವನು, ಬರೆಯುವುದು ಕಡಿಮೆ. ಆದರೆ ಹೋಟೆಲಿನವರ ಮಾತು ಬಂತು, ಹಾಗಾಗಿ. ನಾವು ಮೂವತ್ತು ವರ್ಷದಿಂದ ಈ ಮೂರೂ ಬಗೆ ನೋಡಿದ್ದೇವೆ ಮಾರಾಯ್ರೆ, ಕಂಪ್ಯೂಟರ್ ಹೆಸರು ಗೊತ್ತಿರಲಿಲ್ಲ ಅಷ್ಟೇ.

ಒಬ್ಬ ಬರೀ ಗಾಳಾ ಬಾಡಿಗೆಗೆ ಕೊಡುತ್ತಾನೆ. ನಾಲ್ಕು ಗೋಡೆ, ನೀರು, ಕರೆಂಟು. ಒಲೆ, ಪಾತ್ರೆ, ಮೇಜು, ಭಟ್ಟರು ಎಲ್ಲ ನಮ್ಮದು. ಇನ್ನೊಬ್ಬನದ್ದು ಕಂಡಕ್ಟಿಂಗ್. ನಡೆಯುತ್ತಿರುವ ಹೋಟೆಲನ್ನೇ ಬಾಡಿಗೆಗೆ ಕೊಡುತ್ತಾನೆ. ಲೈಸೆನ್ಸ್, ಗ್ಯಾಸ್, ಗ್ರೈಂಡರ್, ಫ್ರಿಜ್ಜು ಅವನದ್ದು, ಅಡುಗೆ ಮತ್ತು ಮೆನು ನಮ್ಮದು. ಮೂರನೆಯದು ಗಿರಾಕಿಯ ಲೆಕ್ಕ. ಬಂದ, ಊಟ ಮಾಡಿದ, ಬಿಲ್ ಕೊಟ್ಟು ಹೋದ. ಗ್ರೈಂಡರ್ ಕೆಟ್ಟರೂ ಅವನಿಗೆ ಗೊತ್ತಾಗುವುದಿಲ್ಲ. ಮಡಗಾಂವ್‌ನ ಮೇಡಂ, ಸರಿಯಾ?

ಮೋಡದ ಬಗ್ಗೆ ಒಂದು ಮಾತು. 2005ರ ಜುಲೈ 26ಕ್ಕೆ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಬಿತ್ತಲ್ಲ, ನಮ್ಮ ಗಲ್ಲೆಯ ಕೆಳಗಿದ್ದ ಕಂಪ್ಯೂಟರ್ ಮುಳುಗಿ ಇಡೀ ವರ್ಷದ ಲೆಕ್ಕ ಹೋಯಿತು. ಈಗ ನಮ್ಮ ಬಿಲ್ಲಿಂಗೂ ಕ್ಲೌಡಿನಲ್ಲೇ ಇದೆ, ಟ್ಯಾಬ್ ಒಡೆದರೆ ಇನ್ನೊಂದರಲ್ಲಿ ತೆರೆದರಾಯಿತು. ಆದರೆ ನಿಮ್ಮ ಲೆಕ್ಕ ಮೋಡದಲ್ಲಿ ಇಡಿ ಅಂತ ಫ್ಲೆಕ್ಸ್‌ನಲ್ಲಿ ಹಾಕಿದರೆ ನಮ್ಮವರು ಬಾಗಿಲಿನಿಂದಲೇ ವಾಪಸ್ ಹೋಗುತ್ತಾರೆ.

ಮಡಗಾಂವ್‌ನಿಂದ

ನೂರಕ್ಕೆ ನೂರು ಸರಿ ಅಣ್ಣ. ಗಾಳಾ ಇಯಾಸ್. 2006ರಲ್ಲಿ ಅಮೆಜಾನ್ ಶುರುಮಾಡಿದ ಈಸಿ2 ಹಾಗೆ. ಯಂತ್ರ ಅವರದ್ದು, ಅದರ ಮೇಲಿನ ಆಪರೇಟಿಂಗ್ ಸಿಸ್ಟಮ್ ಅಪ್‌ಡೇಟ್ ಮಾಡುವುದು ನಮ್ಮ ತಲೆನೋವು. ಕಂಡಕ್ಟಿಂಗ್ ಪಾಸ್. 2008ರ ಗೂಗಲ್ ಆಪ್ ಎಂಜಿನ್ ಅಂಥದ್ದು, ನಮ್ಮ ಪ್ರೋಗ್ರಾಂ ಒಯ್ದು ಹಾಕಿದರೆ ಸಾಕು. ಊಟ ಸಾಸ್, ಜಿಮೇಲ್ ಹಾಗೆ. ಅಲ್ಲಿಯೂ ಪಾಸ್‌ವರ್ಡ್ ಕಾಯುವುದು ನಮ್ಮದೇ ಕೆಲಸ, ಅದನ್ನೂ ಭಾನುವಾರ ಹೇಳಿ. ರಿಪೇರಿ ಯಾರದ್ದು ಅಂತ ಕೇಳಿದರೆ ಮೂರೂ ಬೇರೆ ಬೇರೆ ಅಂತ ತಿಳಿಯುತ್ತದೆ. ಈ "ಸೇವೆಯಾಗಿ" ಅನ್ನುವುದನ್ನು ಮೊದಲು ಬಿಡಿ, ಅದು ಇಂಗ್ಲಿಷಿನ ನೆರಳು.

ಮಾಟುಂಗಾದಿಂದ

ಕಂಡಕ್ಟಿಂಗ್ ಇಂಗ್ಲಿಷ್, ಗಾಳಾ ಮರಾಠಿ. ಪದಚರ್ಚೆ ಎಂದು ಹೆಸರಿಟ್ಟುಕೊಂಡು ಒಂದು ಕನ್ನಡ ಪದ ಹುಟ್ಟಿಸಲಾಗದಿದ್ದರೆ ನಾವು ಇಲ್ಲಿ ಯಾಕಿದ್ದೇವೆ?

ಅಂಧೇರಿಯಿಂದ

ಸರ್, ಆ ಪದ ನಾವು ಹುಟ್ಟಿಸಲಿಲ್ಲ, ಬಾಡಿಗೆ ಕಟ್ಟಿ ಕಲಿತದ್ದು. ಇಲ್ಲಿ ಉಡುಪಿ ಕಡೆಯ ಯಾವ ಹೋಟೆಲಿಗೆ ಹೋಗಿ ಕೇಳಿ, ಕಂಡಕ್ಟಿಂಗ್ ಅಂದರೆ ಅರ್ಥವಾಗುತ್ತದೆ. ಮೇಘಗಣನೆ ಅಂದರೆ ಹವಾಮಾನ ವರದಿ ಅಂತಾರೆ.

ಕೋಥ್ರೂಡ್, ಪುಣೆಯಿಂದ

5.40 ಆಯಿತು, ಕೊಟ್ಟುಬಿಟ್ಟೆ. ಮೇಲೆ "ಕ್ಲೌಡ್: ಬಾಡಿಗೆಗೆ ಕಂಪ್ಯೂಟರ್". ಕೆಳಗೆ ಮೂರು ಚಿತ್ರ: ಬರೀ ಜಾಗ, ಸಜ್ಜಾದ ಅಡುಗೆಮನೆ, ತಯಾರ್ ಊಟ. ಕಂಡಕ್ಟಿಂಗ್ ಅಂತ ಹಾಕಲಿಲ್ಲ ಅಣ್ಣ, ನಿವೃತ್ತರು ಬಸ್ಸಿನ ಕಂಡಕ್ಟರ್ ನೆನೆಸಿಕೊಂಡಾರು. ಅದನ್ನು ಬಾಯಲ್ಲಿ ಹೇಳುತ್ತೇನೆ. ಎಲ್ಲರಿಗೂ ಥ್ಯಾಂಕ್ಸ್, ಮಾಟುಂಗಾದ ಸರ್‌ಗೂ.

ಡೊಂಬಿವಲಿಯಿಂದ

ತಯಾರ್ ಅರಬ್ಬಿಯಿಂದ ಬಂದದ್ದು. ಅಣಿಯಾದ ಊಟ ಅನ್ನಬಹುದಿತ್ತು.

ಕೋಥ್ರೂಡ್, ಪುಣೆಯಿಂದ

ಪ್ರಿಂಟ್ ಆಯಿತು ಸರ್.