ಒಂದೇ ಕಾಲಿನ ಸ್ಕೀ ಓಟಗಾರ್ತಿ ಡಯಾನಾ ಗೋಲ್ಡನ್: ಹುಡುಗರಿಗೆ ತಿಳಿಸೋದು ಹೆಂಗ?

ಪಿಟಿ ಮಾಸ್ತರ, ಬೆಳಗಾವಿ:
ಡಿಸೆಂಬರ್ 3ರ ಅಂಗವಿಕಲರ ದಿನಕ್ಕ ಹೈಸ್ಕೂಲಿನಾಗ ಅಮೆರಿಕದ ಡಯಾನಾ ಗೋಲ್ಡನ್ ಬಗ್ಗೆ 20 ನಿಮಿಷ ಹೇಳೋದೈತಿ. ಬರ್ಫ ಕಣ್ಣಾರೆ ನೋಡದ ಹುಡುಗರು. ಆಕಿ ಕೃತಕ ಕಾಲು ಯಾಕ ಹಾಕಲಿಲ್ಲ? ಒಂದ ಸ್ಕೀ (ಬರ್ಫದ ಮ್ಯಾಲ ಜಾರೋ ಉದ್ದ ಹಲಗಿ) ಮ್ಯಾಲ ಎರಡೂ ಕಡೆ ತಿರಗೋದು ಹೆಂಗ? ‘ಗೋಲ್ಡನ್ ರೂಲ್’ ಅಂದ್ರ ಏನು? ಫಲಕದ ಮ್ಯಾಲ ‘ಒಲಿಂಪಿಕ್ ಚಿನ್ನ’ ಅಂತ ಬರೀಬಹುದೇನ್ರಿ?

ಊರುಗೋಲು, ಬಾಗಲಕೋಟೆ:
ಸರ್, ಎಲುಬಿನ ಕ್ಯಾನ್ಸರ್ ಆಗಿ 12ನೇ ವಯಸ್ಸಿಗೆ ಬಲಗಾಲನ್ನು ಮೊಣಕಾಲಿನ ಮೇಲೆ ತೆಗೆದರು. ಅಷ್ಟು ಮೇಲೆ ತೆಗೆದರೆ ಮೊಣಕಾಲಿನ ಕೀಲೂ ಕೃತಕವೇ. ನಡೆಯಲು ಮಾಡಿದ ಕೀಲು ಮಡಚಿದಾಗ ಭಾರ ಹೊರುವುದಿಲ್ಲ, ಕುಸಿಯುತ್ತೆ. ಸ್ಕೀ ಆಡುವುದೋ ಮೊಣಕಾಲು ಮಡಚಿಕೊಂಡೇ.

ಅದಕ್ಕೇ ಕಾಲಿಗೆ ಒಂದು ಸ್ಕೀ, ಕೈಗೆ ಎರಡು ಔಟ್‌ರಿಗರ್. ಔಟ್‌ರಿಗರ್ ಅಂದರೆ ಮೊಣಕೈ ಊರುಗೋಲೇ. ತುದಿಗೆ ರಬ್ಬರ್ ಬುಡದ ಬದಲು ಎರಡು ಗೇಣಿನಷ್ಟು ಸ್ಕೀ ತುಂಡು. ಹಿಡಿಕೆ ಹತ್ತಿರದ ದಾರ ಜಗ್ಗಿದರೆ ತುಂಡು ಮೇಲಕ್ಕೆ ಮಡಚಿ ಊರಲು ಬರುತ್ತೆ, ಸಡಿಲಿಸಿದರೆ ಜಾರುತ್ತೆ. ಹೊಸಬರು ಹೆದರಿ ಭಾರವನ್ನೆಲ್ಲ ಕೈಗೆ ಹಾಕುತ್ತಾರೆ. ಆಗ ಸ್ಕೀ ಹಗುರಾಗಿ ಅದರ ಅಂಚು ಹಿಮ ಕಚ್ಚುವುದಿಲ್ಲ, ಹಿಂಬದಿ ಜಾರಿ ಬೀಳುತ್ತಾರೆ.

ಡಯಾನಾ ರೇಸಿಗೆ ಔಟ್‌ರಿಗರ್ ಬಿಟ್ಟು ಎಲ್ಲರ ಹಾಗೆ ಬರೀ ಕೋಲು ಹಿಡಿದಳು. ಹಿಮಕ್ಕೆ ಉಜ್ಜುವ ತುಂಡಿಲ್ಲ, ವೇಗ ಹೆಚ್ಚು. ತೋಲ ತಪ್ಪಿದರೆ ಮಾತ್ರ ಆಸರೆ ಇಲ್ಲ.

ಉಳಿದದ್ದು ಎಡಗಾಲು. ಬಲಕ್ಕೆ ತಿರುಗುವಾಗ ಹೆಬ್ಬೆರಳ ಕಡೆಯ ಅಂಚು ಕಚ್ಚಬೇಕು, ಇದು ಸಲೀಸು. ಎಡಕ್ಕೆ ತಿರುಗುವಾಗ ಕಿರುಬೆರಳ ಕಡೆಯದು. ಎರಡು ಕಾಲಿದ್ದವರು ಆಗ ಬಲಗಾಲಿಗೆ ಭಾರ ದಾಟಿಸುತ್ತಾರೆ, ಆಕೆಗೆ ಆ ಅನುಕೂಲ ಇರಲಿಲ್ಲ. ಮಂದಿಯ ಕಾಲು ಉಳುಕುವುದೂ ಹೆಚ್ಚಾಗಿ ಅದೇ ಕಡೆಗೆ, ನೋಡಿ.

ಎರಿಹೊಲ, ವಿಜಯಪುರ:
‘ಗೋಲ್ಡನ್ ರೂಲ್’ ಬಗ್ಗೆ ನಾ ಹೇಳತೀನ್ರಿ. ಮಳಿ ಬಿದ್ದ ಎರಿ ದಾರಿಯೊಳಗ ಹತ್ತು ಟ್ರ್ಯಾಕ್ಟರ್ ಹಾದ ಮ್ಯಾಲ ಸೈಕಲ್ ತಗೊಂಡು ಹೋಗಿ ನೋಡ್ರಿ: ಗಾಲಿ ತಗ್ಗಿಗೆ ಇಳೀತಂದ್ರ ಹ್ಯಾಂಡಲ್ ನಿಮ್ಮ ಮಾತು ಕೇಳಂಗಿಲ್ಲ. ಸ್ಕೀ ರೇಸೂ ಹಂಗ. ಒಬ್ಬೊಬ್ಬರಾಗಿ ಇಳೀತಾರ, ಎಲ್ಲಾರೂ ಅದೇ ಗೇಟಿನ (ದಾರಿ ತೋರಸಾಕ ನೆಟ್ಟ ಕಂಬಗಳ) ಸುತ್ತ ತಿರಗತಾರ. ಹಿಂದಿನ ನಂಬರಿನವರಿಗೆ ಉಳಿಯೋದು ತಗ್ಗು. ಎರಡು ಕಾಲಿನವರು ಒಂದು ಕಾಲು ಕುಲುಕಿದ್ರ ಇನ್ನೊಂದರ ಮ್ಯಾಲ ಸಾವರಿಸಿಕೋತಾರ. ಒಂಟಿ ಕಾಲಿಗೆ ಅದ ತಗ್ಗು ಮುಗ್ಗರಿಸಾಕ ಸಾಕು.

ಕಾಲಿದ್ದವರ ಜೋಡಿ ರೇಸಿಗೆ ಇಳಿದಾಗ ಡಯಾನಾಗ ಇದ ತೊಡಕಾತು. 1985ರಾಗ ಅಮೆರಿಕದ ಸ್ಕೀ ಸಂಘ ನಿಯಮ ತಿದ್ದಿತು: ಮೇಲಿನ ಶ್ರೇಯಾಂಕದ 15 ಮಂದಿ ಇಳಿದ ಮ್ಯಾಲ, ದಾರಿ ಕೆಡೂಕಿಂತ ಮೊದಲ, ಮುಂಚೂಣಿ ಅಂಗವಿಕಲ ಓಟಗಾರರಿಗೆ ಜಾಗ. ಇದ ‘ಗೋಲ್ಡನ್ ರೂಲ್’. ಟೈಮಿನಾಗ ಒಂದು ಸೆಕೆಂಡೂ ಮಾಫಿ ಇಲ್ಲ. ಪದಕಕ್ಕಿಂತ ಈ ನಿಯಮಕ್ಕ ಹೆಚ್ಚು ಹೊತ್ತು ಕೊಡ್ರಿ.

ಫಲಕಕ್ಕ: 1988, ಕ್ಯಾಲ್ಗರಿ ಒಲಿಂಪಿಕ್ಸ್, ಅಂಗವಿಕಲರ ಜೈಂಟ್ ಸ್ಲಾಲಂ (ಗೇಟುಗಳ ಸುತ್ತ ತಿರಗತಾ ಇಳಿಯೋ ರೇಸು), ಚಿನ್ನ. ಅದು ಪ್ರದರ್ಶನ ಸ್ಪರ್ಧೆ. ಅಧಿಕೃತ ಪದಕಪಟ್ಟಿಯೊಳಗ ಇಲ್ಲ. ‘ಪ್ರದರ್ಶನ’ ಅನ್ನೋ ಪದ ಬಿಡಬ್ಯಾಡ್ರಿ. ಹುಟ್ಟಿದ್ದು 1963, ತೀರಿಕೊಂಡಿದ್ದು 2001, ಮತ್ತ ಕ್ಯಾನ್ಸರಿಗೇ.

ಪಿಟಿ ಮಾಸ್ತರ, ಬೆಳಗಾವಿ:
ಛಲೋ ಆತ್ರಿ. ತಿರಗೋದು ತರಗತಿಯೊಳಗ ಮಾಡಿ ತೋರಸಾಕ ಬರತೈತೇನು?

ಊರುಗೋಲು, ಬಾಗಲಕೋಟೆ:
ಬರುತ್ತೆ. ಮೂರು ಬೆರಳು ಅಗಲದ ಪಟ್ಟಿ ನೆಲಕ್ಕೆ ಹಾಸಿ, ಅದರ ಮೇಲೆ ಬರಿಗಾಲಲ್ಲಿ ಎಡಗಾಲಷ್ಟೇ ಊರಿ, ಮೊಣಕಾಲು ಸ್ವಲ್ಪ ಮಡಚಿ ನಿಲ್ಲಿಸಿ. ಎರಡೂ ಬದಿಗೆ ಒಬ್ಬೊಬ್ಬರು ಕೈ ಹಿಡಿದಿರಲಿ. ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ ಮೆಲ್ಲಗೆ ವಾಲಲಿ. ವ್ಯತ್ಯಾಸ ಪಾದದ ಕೀಲಿನಲ್ಲೇ ಗೊತ್ತಾಗುತ್ತೆ. ಎಡಕ್ಕೆ ಹೆಚ್ಚು ವಾಲಿಸಬೇಡಿ, ಕಾಲು ಉಳುಕೀತು. ಒದ್ದೆ ಫರ್ಸಿ ಮೇಲಂತೂ ಬೇಡವೇ ಬೇಡ.