ಮೆಕ್ಕೆಜೋಳಕ್ಕೆ ಮದ್ದು ಹೊಡೆದರೂ ಹುಳು ಹೋಗುತ್ತಿಲ್ಲ, ಬೇಗ ಹೇಳಿ

ಬ್ರಹ್ಮಾವರ_ಬಯಲು:
ಮೆಕ್ಕೆಜೋಳದ ಸುಳಿ ಪೂರ್ತಿ ಹಾಳಾಗಿದೆ. ಎಮಾಮೆಕ್ಟಿನ್ ಅನ್ನುವ ಹುಳುಮದ್ದು ಹೊಡೆದಾಯಿತು, ಮತ್ತೆ ಹೊಡೆದಾಯಿತು. ಸ್ವಲ್ಪ ದಿನ ಸುಮ್ಮನಿರುತ್ತದೆ, ಪುನಃ ಶುರು. ಈಗ ನಡುಸುಳಿಯೇ ಒಣಗಿದೆ, ಎಳೆದರೆ ಕೈಗೆ ಬರುತ್ತದೆ. ಅಂಗಡಿಯವರು ಡೋಸ್ ಜಾಸ್ತಿ ಮಾಡಿ ಅಂತಾರೆ. ಇನ್ನು ಎಂತ ಹೊಡೆಯುವುದು ಮಾರಾಯ್ರೆ?

ಕಾರ್ಕಳ_ಕೃಷಿ:
ಸೈನಿಕ ಹುಳು, ಬೇರೆ ಎಂತದೂ ಅಲ್ಲ. 2018ರಲ್ಲಿ ಶಿವಮೊಗ್ಗದಲ್ಲಿ ಕಾಣಿಸಿಕೊಂಡದ್ದೇ ಇದು. ನಳಿಕೆ ಯಾವುದು ನಿಮ್ಮದು? ಮದ್ದು ಸುಳಿಯ ಒಳಗೆ ಇಳಿಯಬೇಕು. ಲೀಟರಿಗೆ 0.4 ಗ್ರಾಂ, ಸಂಜೆ ಹೊತ್ತು.

ಬ್ರಹ್ಮಾವರ_ಬಯಲು:
ಅದೇ ಡೋಸ್, ಸಂಜೆಯೇ ಹೊಡೆದದ್ದು. ನಳಿಕೆ ಸರಿ ಇದೆ.

ಕಾರ್ಕಳ_ಕೃಷಿ:
ಸರಿ ಇದ್ದರೆ ಹುಳು ಸಾಯಬೇಕಿತ್ತಲ್ವಾ? ನಳಿಕೆಯ ಫೋಟೋ ಹಾಕಿ.

ಮೂಡುಬಿದಿರೆ_ತೋಟ:
ನಾವು ಈ ವರ್ಷ ಡ್ರೋನ್ ಬಾಡಿಗೆಗೆ ತಂದೆವು. ಎಕರೆ ಮುಗಿಯುವುದು ಗೊತ್ತೇ ಆಗಲಿಲ್ಲ. ಹತ್ತು ಲೀಟರ್ ಟ್ಯಾಂಕ್, ಬ್ಯಾಟರಿ ಎಕ್ಸ್‌ಟ್ರಾ.

ಕಾರ್ಕಳ_ಕೃಷಿ:
ನಮ್ಮ ತುಂಡು ಗದ್ದೆಗೆ, ಸುತ್ತ ತೆಂಗಿನ ಮರ ಇರುವಲ್ಲಿ ಡ್ರೋನ್ ಎಲ್ಲಿ ಹಾರಿಸುವುದು? ಬ್ಯಾಟರಿ ಪಂಪೇ ಸಾಕು.

ಮೂಡುಬಿದಿರೆ_ತೋಟ:
ಹಾರಿಸಿಯೇ ಹೇಳುತ್ತಿರುವುದು.

ಹೆಬ್ರಿ_ಗದ್ದೆ:
ಪಂಪಿನ ವಿಷಯ ಆಮೇಲೆ ಮಾತಾಡುವ. ಸುಳಿ ಒಣಗಿ ಕೈಗೆ ಬರುತ್ತದೆ ಅಂದರೆ ದಂಟಿನ ಒಳಗೂ ನೋಡಬೇಕು. ಅಂಥ ಒಂದು ಗಿಡ ಕಿತ್ತು ದಂಟನ್ನು ಉದ್ದಕ್ಕೆ ಸೀಳಿ. ಪಕ್ಕದ ಇನ್ನೊಂದು ಗಿಡದ ಸುಳಿ ಬಿಡಿಸಿ, ಒಳಗಿನ ಹುಳುವಿನ ಹಣೆ ನೋಡಿ. ಮತ್ತೆ ಇದು ಕಾಳಿಗೋ, ಸ್ವೀಟ್ ಕಾರ್ನೋ, ಮೇವಿಗೋ? ಬಿತ್ತಿದ್ದು ಯಾವಾಗ?

ಬ್ರಹ್ಮಾವರ_ಬಯಲು:
ದಂಟಿನಲ್ಲಿ ಮಾಸಲು ಬಿಳಿ ಹುಳು, ಮೈಮೇಲೆ ಕಂದು ಚುಕ್ಕೆಗಳ ಸಾಲು, ತಲೆ ಕಂದು. ಸುಳಿಯಲ್ಲಿ ಮರದ ಪುಡಿಯ ಹಾಗೆ ಒದ್ದೆ ಹಿಕ್ಕೆ ತುಂಬಿದೆ. ಅದರ ಕೆಳಗೆ ಬೇರೆಯೇ ಹುಳು. ಹಣೆಯಲ್ಲಿ ಕವಲು ಕೋಲನ್ನು ತಲೆಕೆಳಗೆ ಇಟ್ಟ ಹಾಗೆ ಗೆರೆ, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಹಳೇ ಪಟ್ಟಿಯ ಹೂವಿನ ತುಂಬ ರಸ ಹೀರುವ ಗಿಡದ ಹೇನು.

ಇದು ಹಸುವಿನ ಮೇವಿಗೆ, ಆಫ್ರಿಕನ್ ಟಾಲ್ ತಳಿ. ದಿನಾ ಹಸಿ ಮೇವು ಬೇಕಲ್ವಾ, ಹಾಗಾಗಿ ಪಟ್ಟಿ ಪಟ್ಟಿಯಾಗಿ ಬಿತ್ತುತ್ತಾ ಹೋಗುವುದು. ಮೊದಲು ಅಂಗಡಿಯಲ್ಲಿ ಕೊಟ್ಟ ಲಾಂಬ್ಡಾ ಅನ್ನುವ ಹುಳುಮದ್ದು ಕೂಡ ಹೊಡೆದಿದ್ದೆ.

ಹೆಬ್ರಿ_ಗದ್ದೆ:
ಮೇವು ಅಂತ ಮೊದಲೇ ಹೇಳಬೇಕಿತ್ತು! ಮದ್ದು ಹೊಡೆದ ಪಟ್ಟಿಯನ್ನು ಈಗ ಕೊಯ್ಯಬೇಡಿ. ಲೇಬಲ್‌ನಲ್ಲಿ ಬರೆದಷ್ಟು ದಿನ ಕಳೆಯದೆ ಹಸುವಿಗೆ ಹಾಕಲೇಬೇಡಿ.

ನಿಮ್ಮಲ್ಲಿ ಮೂರು ಕೀಟ ಒಟ್ಟಿಗೆ ಇವೆ. ಸುಳಿಯಲ್ಲಿ ಸೈನಿಕ ಹುಳು, ದಂಟಿನಲ್ಲಿ ಕಾಂಡ ಕೊರಕ, ಹೂವಿನಲ್ಲಿ ಹೇನು. ಕೊರಕ ಒಳಗೆ ಹೊಕ್ಕ ಮೇಲೆ ಸುಳಿಗೆ ಹೊಡೆದ ಮದ್ದು ಅದನ್ನು ಮುಟ್ಟುವುದೇ ಕಷ್ಟ, ಡೋಸ್ ಏರಿಸಿ ಪ್ರಯೋಜನ ಇಲ್ಲ. ದೊಡ್ಡ ಸೈನಿಕ ಹುಳು ತನ್ನ ಜಾತಿಯದ್ದನ್ನೇ ತಿನ್ನುತ್ತದೆ, ಸುಳಿಯಲ್ಲಿ ಬೇರೆ ಹುಳುವನ್ನು ಬಿಡುವುದೂ ಕಮ್ಮಿ. ಅದನ್ನು ಕೊಂದಾಗ ಕೊರಕಕ್ಕೆ ಜಾಗ ಸಿಕ್ಕಿರಬಹುದು ಅಂತ ನನ್ನ ಅಂದಾಜು. ಲಾಂಬ್ಡಾ ಗುಲಗಂಜಿ ಹುಳುವನ್ನೂ ಕೊರಕದ ಮೇಲೆ ಮೊಟ್ಟೆ ಇಡುವ ಸಣ್ಣ ಕಣಜವನ್ನೂ ಕೊಲ್ಲುತ್ತದೆ. ಹೇನು ತಿನ್ನುವವರೇ ಇಲ್ಲದಿದ್ದರೆ ಅದು ಏರದೆ ಇರುತ್ತದಾ?

ಮೂಡುಬಿದಿರೆ_ತೋಟ:
ಇದೆಲ್ಲ ಹವೆಯಿಂದ. ಮಳೆ ಬರಬೇಕಾದಾಗ ಬರುವುದಿಲ್ಲ, ಚಳಿ ಇಲ್ಲವೇ ಇಲ್ಲ.

ಹೆಬ್ರಿ_ಗದ್ದೆ:
ಹವೆಯೂ ಸೇರಿದೆ. ಸೈನಿಕ ಹುಳುವಿಗೆ ಚಳಿಗಾಲದ ನಿದ್ದೆ ಅಂತ ಇಲ್ಲ. 28 ಡಿಗ್ರಿ ಸುಮಾರಿಗೆ ಒಂದು ತಿಂಗಳಲ್ಲಿ ಮೊಟ್ಟೆಯಿಂದ ಪತಂಗ ಆಗುತ್ತದೆ, ತಂಪಿದ್ದರೆ ನಿಧಾನ. ನಮ್ಮ ಕರಾವಳಿಯ ಸೆಕೆ ಅದಕ್ಕೆ ಹಬ್ಬ. ಜೋರು ಮಳೆ ಸಣ್ಣ ಮರಿಗಳನ್ನು ತೊಳೆದು ಹಾಕುತ್ತದೆ, ತೇವ ನಿಂತರೆ ಹುಳುವಿಗೆ ಬೂಷ್ಟು ಹಿಡಿದು ಸಾಯುತ್ತದೆ. ಮಳೆ ಮಧ್ಯೆ ಕೈಕೊಟ್ಟರೆ ಆ ತಡೆಯೂ ಇಲ್ಲ.

ಆದರೆ ಇವರಲ್ಲಿ ಅದಕ್ಕಿಂತ ದೊಡ್ಡದು ಪಟ್ಟಿ ಬಿತ್ತನೆ. ಹಳೇ ಪಟ್ಟಿಯ ಪತಂಗಕ್ಕೆ ಪಕ್ಕದಲ್ಲೇ ಎಳೇ ಸುಳಿ ರೆಡಿ ಇರುತ್ತದೆ. ಒಂದು ಸಲ ಎಲ್ಲವನ್ನೂ ಕೊಯ್ದು, ಕೂಳೆ ಕಿತ್ತು, ಉಳುಮೆ ಮಾಡಿ ಬಿಡುವು ಕೊಡಿ. ಅಷ್ಟು ದಿನ ಹಸುವಿಗೆ ನೇಪಿಯರ್ ಹುಲ್ಲು ಹಾಕಿ.

ಬ್ರಹ್ಮಾವರ_ಬಯಲು:
ನೇಪಿಯರ್ ತೋಟದ ಬದಿಯಲ್ಲಿ ಸ್ವಲ್ಪ ಇದೆ, ಎಲ್ಲ ಹಸುಗಳಿಗೆ ಸಾಲದು. ಹುಳುವಿನ ಮೊಟ್ಟೆಯನ್ನು ಹಾಳು ಮಾಡುವ ಸಣ್ಣ ಕಣಜದ ಕಾರ್ಡ್ ಕಟ್ಟಿದರೆ ಆಗುತ್ತದಾ?

ಹೆಬ್ರಿ_ಗದ್ದೆ:
ಆ ಕಾರ್ಡಿನ ಟ್ರೈಕೋಗ್ರಾಮ ಕಣಜ ಕೊರಕದ ಮೊಟ್ಟೆಗೆ ಒಳ್ಳೆಯದು. ಸೈನಿಕ ಹುಳುವಿನ ಮೊಟ್ಟೆರಾಶಿ ಮೇಲೆ ರೋಮದ ಹೊದಿಕೆ ಇರುತ್ತದೆ, ಅಲ್ಲಿ ಅದಕ್ಕೆ ಕಷ್ಟ. ಸೈನಿಕ ಹುಳುವಿನ ಮೊಟ್ಟೆಗೆ ಟೆಲೆನೋಮಸ್ ಅನ್ನುವ ಇನ್ನೊಂದು ಕಣಜ ಬೇಕು. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಕಾರ್ಡ್ ಕಟ್ಟಿದ ಮೇಲೆ ಮದ್ದು ಹೊಡೆದರೆ ಕಣಜವೂ ಹೋಯಿತು, ನೆನಪಿರಲಿ.

ಕಾರ್ಕಳ_ಕೃಷಿ:
ಎಲ್ಲ ಸರಿ. ಆದರೂ ನಳಿಕೆ ಒಮ್ಮೆ ಬದಲಿಸಿ ನೋಡಿ.

ಮುಲ್ಕಿ_ಸ್ವೀಟ್‌ಕಾರ್ನ್:
ಇಲ್ಲೇ ಕೇಳುತ್ತೇನೆ. ನಮ್ಮದರಲ್ಲಿ ಸುಳಿ ಚೆನ್ನಾಗಿದೆ, ತೆನೆಯ ತುದಿಯಲ್ಲಿ ಮಾತ್ರ ಹುಳು. ಇದೂ ಸೈನಿಕ ಹುಳುವೇನಾ?

ಹೆಬ್ರಿ_ಗದ್ದೆ:
ಆಗಿರಬಹುದು, ತೆನೆ ಕೊರಕವೂ ಆಗಿರಬಹುದು. ಹಣೆಯ ಗೆರೆ ಮತ್ತು ಬಾಲದ ಚುಕ್ಕೆ ಕಾಣುವ ಹಾಗೆ ಹತ್ತಿರದಿಂದ ಫೋಟೋ ತೆಗೆದು ಹೊಸ ಚರ್ಚೆ ಶುರು ಮಾಡಿ.